ಹೊಳೆಯ ಮೀನು ಯಾರ ಪಾಲು?

(ಶಿವನಸಮುದ್ರದ ಹತ್ತಿರದ ಊರೊಂದರ ಕಲಿಕಾ ಕೇಂದ್ರದಲ್ಲಿ, ಸಂಜೆಯ ಕೂಟದಲ್ಲಿ ಆಡಿದ ಮಾತು)



ಹೋದ ವಾರ ಇದೇ ಜಗಲಿಯ ಮೇಲೆ ಪಾಠ ನಡೆದಿತ್ತು. ಒತ್ತಕ್ಷರ ಕಲಿಸಲು ನಾವು ಕಪ್ಪುಹಲಗೆಯ ಮೇಲೆ 'ಹಕ್ಕಿ' ಎಂದು ಬರೆದೆವು. ಹಿಂದೆ ಕೂತಿದ್ದ ಅಣ್ಣನೊಬ್ಬರು ಎದ್ದು ಓದಿದರು. ಸರಿಯಾಗಿಯೇ ಓದಿದರು. ಆದರೆ ಓದಿ ಸುಮ್ಮನೆ ಕೂರಲಿಲ್ಲ. "ಹಕ್ಕಿ ಅಂತ ಓದಾಕೆ ಬಂತು ಕನ ಮೇಷ್ಟ್ರೆ. ಆದ್ರೆ ಆ ಹಕ್ಕಿನೇ ನನ್ನ ಹೊಟ್ಟೆ ಮೇಲೆ ಹೊಡೀತಾ ಅದಲ್ಲ, ಅದ್ಕೇನ್ ಮಾಡಾದು?" ಎಂದು ಕೇಳಿದರು.

ಅವರು ಬಲೆ ಬೀಸಿ ಬದುಕುವವರು. ಅವರ ಅಪ್ಪನೂ ಹೊಳೆಯಲ್ಲಿ ಹರಿಗೋಲು ಹಾಕಿದವರು. ಅವರು ಹೇಳಿದ್ದು ಹೆಜ್ಜಾರ್ಲೆ ಹಕ್ಕಿಯ ಮಾತು. "ಮೊದ್ಲು ಒಂದೋ ಎರಡೋ ಬರ್ತಿದ್ವು. ಈಗ ಹಿಂಡುಹಿಂಡು ಬತ್ತವೆ. ಮೀನ್ನೆಲ್ಲ ನುಂಗ್ಬುಡ್ತವೆ. ನಾವೇನ್ ಮಣ್ ತಿನ್ನಾದಾ?" ಎಂದರು. ಕೆಲವರು ಹೌದು ಹೌದು ಎಂದರು. ಒಬ್ಬರು ಗೂಡಿರುವ ಮರ ಕಡಿದರೆ ಸರಿಹೋಗುತ್ತದೆ ಎಂದರು. ಇನ್ನೊಬ್ಬ ತಾಯಿ, "ಅಯ್ಯೋ, ಪಾಪ ಕನಪ್ಪ, ಅವೂ ಮಕ್ಳೊಂದಿಗವು" ಎಂದರು. ಅಂದು ಪಾಠ ಅಲ್ಲಿಗೇ ನಿಂತಿತು.

ಮುಂದಿನ ವಾರ ಇದನ್ನೇ ಮಾತಾಡೋಣ ಎಂದು ಅಂದು ಹೇಳಿದ್ದೆವು. ಹಕ್ಕಿಯ ಪರ ಮಾತಾಡಲು ನಾವು ಬಂದಿಲ್ಲ. ಮನುಷ್ಯರ ಪರ ಮಾತಾಡಿ ಹಕ್ಕಿಯನ್ನು ಬೈಯಲೂ ಬಂದಿಲ್ಲ. ಎಲ್ಲರೂ ಕೂತು ಲೆಕ್ಕ ನೋಡೋಣ. ಕಳ್ಳ ಯಾರು ಎಂದು ಗೊತ್ತಾಗದೆ ಕೈಗೆ ಸಿಕ್ಕವರನ್ನು ಹೊಡೆಯುವುದು ನ್ಯಾಯವಲ್ಲ, ಅಲ್ಲವೇ?

ಹೆಜ್ಜಾರ್ಲೆ ಎಂದರೆ ಯಾವುದು?

ನಿಮಗೆ ನಾವು ಹೇಳಬೇಕಿಲ್ಲ. ದೊಡ್ಡ ಹಕ್ಕಿ. ಬೂದು ಬಿಳುಪಿನ ಮೈ. ಉದ್ದ ಕೊಕ್ಕು. ಕೊಕ್ಕಿನ ಅಂಚಿನಲ್ಲಿ ಚುಕ್ಕೆಗಳು. ಕೊಕ್ಕಿನ ಕೆಳಗೆ ಜೋಲುವ ಚೀಲ. ಹಕ್ಕಿಯ ತೂಕ ನಾಲ್ಕರಿಂದ ಆರು ಕೆ.ಜಿ. ರೆಕ್ಕೆ ಬಿಚ್ಚಿದರೆ ಒಬ್ಬ ಆಳಿನ ಉದ್ದಕ್ಕಿಂತ ಹೆಚ್ಚು ಅಗಲ.

ಇದು ಮೀನು ಹಿಡಿಯುವ ರೀತಿ ನೋಡಿದ್ದೀರಿ. ನೀರುಕಾಗೆಯ ಹಾಗೆ ಆಳಕ್ಕೆ ಮುಳುಗುವುದಿಲ್ಲ. ನೀರಿನ ಮೇಲೆ ತೇಲುತ್ತಾ ಹೋಗುತ್ತದೆ. ಕೊಕ್ಕನ್ನು ನೀರಿಗೆ ಅದ್ದಿ ಚೀಲದಲ್ಲಿ ಮೀನನ್ನೂ ನೀರನ್ನೂ ಬಾಚಿಕೊಳ್ಳುತ್ತದೆ. ನೀರು ಸೋರಿಹೋದ ಮೇಲೆ ಮೀನನ್ನು ನುಂಗುತ್ತದೆ. ನಮ್ಮ ಬೆಸ್ತರ ಜಾಲರಿಯಂತೆಯೇ. ಮೇಲುನೀರಿನ ಮೀನು, ತೆಳುನೀರಿನ ಮೀನು ಇದಕ್ಕೆ ಸಿಗುತ್ತದೆ. ಆಳವಾದ ಮಡುವಿನ ತಳದಲ್ಲಿರುವ ಮೀನು ಇದಕ್ಕೆ ಸಿಗುವುದಿಲ್ಲ. ಈ ಮಾತು ನೆನಪಿರಲಿ. ಮುಂದೆ ಬೇಕಾಗುತ್ತದೆ.

ಹಕ್ಕಿ ಹೆಚ್ಚಿದೆಯೇ?

ಅಣ್ಣ ಹೇಳಿದ್ದು ಸುಳ್ಳಲ್ಲ. ಹಿಂದೆ ಈ ಹಕ್ಕಿ ಪ್ರಪಂಚದಲ್ಲೇ ಕಡಿಮೆಯಾಗುತ್ತಾ ಬಂದಿತ್ತು. ಬರ್ಮಾ ದೇಶದಲ್ಲಿ ಸಿತ್ತಾಂಗ್ ಎಂಬ ನದಿ ಇದೆ. 1877ರಲ್ಲಿ ಅಲ್ಲಿ ಎಣಿಸಲಾಗದಷ್ಟು ಹೆಜ್ಜಾರ್ಲೆಗಳನ್ನು ಕಂಡೆನೆಂದು ಒಬ್ಬ ಆಂಗ್ಲ ಅಧಿಕಾರಿ ಬರೆದಿಟ್ಟಿದ್ದಾನೆ. ಮುಂದೆ ಆ ದೊಡ್ಡ ಸಂಸಾರ ಪೂರ್ತಿ ಅಳಿದುಹೋಯಿತು. ಈಗ ಈ ಜಾತಿಯ ಹೆಜ್ಜಾರ್ಲೆ ಗೂಡು ಕಟ್ಟುವುದು ಭಾರತ, ಶ್ರೀಲಂಕಾ, ಕಾಂಬೋಡಿಯದಂತಹ ಕೆಲವೇ ದೇಶಗಳಲ್ಲಿ.

ನಮ್ಮ ದಕ್ಷಿಣ ಭಾರತದಲ್ಲಿ ಜನ ಕಾಪಾಡಿದ್ದರಿಂದ ಹಕ್ಕಿ ಚೇತರಿಸಿಕೊಂಡಿತು. 2007ರಲ್ಲಿ ಪ್ರಪಂಚದ ತಜ್ಞರು ಇದನ್ನು 'ಅಪಾಯದಲ್ಲಿರುವ' ಹಕ್ಕಿಗಳ ಪಟ್ಟಿಯಿಂದ ತೆಗೆದು, 'ಅಪಾಯದ ಹತ್ತಿರ ಇರುವ' ಹಕ್ಕಿಗಳ ಪಟ್ಟಿಗೆ ಸೇರಿಸಿದರು. ಕಾಯಿಲೆ ಬಿದ್ದವರು ಆಸ್ಪತ್ರೆಯಿಂದ ಮನೆಗೆ ಬಂದ ಹಾಗೆ. ಗುಣವಾಗಿದ್ದಾರೆ, ಆದರೆ ಇನ್ನೂ ಪಥ್ಯದಲ್ಲಿದ್ದಾರೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ಇಂದು ಹೆಜ್ಜಾರ್ಲೆಗಳು ದೊಡ್ಡ ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಮೈಸೂರಿನ ಕೆರೆಗಳಲ್ಲೂ ಕಾಣುತ್ತವೆ. ಅಲ್ಲಿಂದ ಇಲ್ಲಿಗೆ ಕಾವೇರಿಯೇ ದಾರಿ. ರೆಕ್ಕೆ ಇರುವ ಹಕ್ಕಿಗೆ ಇದು ದೂರವೂ ಅಲ್ಲ.

ಆದ್ದರಿಂದ ಹಕ್ಕಿ ಹೆಚ್ಚಿದೆ ಎಂಬ ಮಾತನ್ನು ಒಪ್ಪೋಣ. ಮೀನು ಕಡಿಮೆಯಾಗಿದೆ ಎಂಬ ಮಾತನ್ನೂ ಒಪ್ಪೋಣ. ಇದರಿಂದಲೇ ಅದು ಆಯಿತೇ? ಅದನ್ನೇ ಈಗ ನೋಡಬೇಕು.

ಲೆಕ್ಕ ಹಾಕೋಣ ಬನ್ನಿ

ಗುಣಾಕಾರ ಕಲಿತಿದ್ದೇವೆ. ಅದನ್ನು ಇಲ್ಲಿ ಬಳಸೋಣ. ಒಂದು ಹೆಜ್ಜಾರ್ಲೆ ದಿನಕ್ಕೆ ಸುಮಾರು ಒಂದು ಕೆ.ಜಿ. ಮೀನು ತಿನ್ನುತ್ತದೆ ಎಂದು ಇಟ್ಟುಕೊಳ್ಳೋಣ. ಹಲಗೆಯ ಮೇಲೆ ಬರೆಯೋಣ.

1 ಹಕ್ಕಿ, 1 ದಿನ: 1 ಕೆ.ಜಿ.
100 ಹಕ್ಕಿ, 1 ದಿನ: 100 ಕೆ.ಜಿ.
100 ಹಕ್ಕಿ, 30 ದಿನ: 3,000 ಕೆ.ಜಿ.

ಅಂದರೆ ತಿಂಗಳಿಗೆ ಮೂರು ಟನ್ನು. ಇದೇನು ಸಣ್ಣ ಮಾತಲ್ಲ. "ನೋಡಿದ್ರಾ, ನಾನ್ ಹೇಳ್ಲಿಲ್ವಾ" ಎಂದು ಅಣ್ಣ ನಗುತ್ತಿದ್ದಾರೆ. ನಗಲಿ. ಹಕ್ಕಿ ಮೀನು ತಿನ್ನುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಿನ್ನುತ್ತದೆ. ಹೊಟ್ಟೆ ಇರುವ ಜೀವ ತಿನ್ನಲೇಬೇಕು.

ಈಗ ಲೆಕ್ಕದ ಇನ್ನೊಂದು ಪುಟ ತಿರುಗಿಸೋಣ. ಈ ನೂರು ಹಕ್ಕಿ ಒಂದೇ ಕಡೆ ಮೇಯುವುದಿಲ್ಲ. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳನ್ನೇ ತೆಗೆದುಕೊಳ್ಳಿ. ಶಿಂಷಾ ಹೊಳೆಗೆ ಹೋಗುತ್ತವೆ. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆಗೂ ಹೋಗುತ್ತವೆ. ಎಲ್ಲಿ ಮೀನು ದಟ್ಟವಾಗಿದೆಯೋ ಅಲ್ಲಿಗೆ ಹೋಗುತ್ತವೆ. ಒಂದು ಕಡೆ ಮೀನು ತೆಳುವಾದರೆ ಇನ್ನೊಂದು ಕಡೆಗೆ ಹಾರುತ್ತವೆ. ನಾವಾದರೋ ಹಾಗೆ ಮಾಡುವುದಿಲ್ಲ. ಕೊನೆಯ ಮೀನು ಸಿಗುವ ತನಕ ಅದೇ ಮಡುವಿಗೆ ಬಲೆ ಹಾಕುತ್ತೇವೆ.

ಇನ್ನು, ಹಕ್ಕಿ ತಿನ್ನುವ ಮೀನು ಯಾವುದು? ಮೇಲುನೀರಿನ ಸಣ್ಣ ಮೀನು. ಜಿಲೇಬಿ ಮೀನೂ ಅದರಲ್ಲಿ ಸೇರಿದೆ. ಈ ಜಿಲೇಬಿ ನಮ್ಮ ಹೊಳೆಯದಲ್ಲ. ಆಫ್ರಿಕಾದ ಮೀನು. 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಈಗ ಎಲ್ಲ ಕೆರೆಯಲ್ಲೂ ತುಂಬಿ, ನಮ್ಮ ನಾಟಿ ಮೀನಿನ ಜಾಗ ಕಿತ್ತುಕೊಂಡಿದೆ. ಹಕ್ಕಿ ಜಿಲೇಬಿಯನ್ನು ತಿಂದರೆ ನಾಟಿ ಮೀನಿಗೆ ಒಂದಿಷ್ಟು ಜಾಗ ಬಿಟ್ಟ ಹಾಗೇ.

ಮತ್ತೊಂದು ಮಾತು. ಹಕ್ಕಿ ತಿಂದದ್ದನ್ನು ಎಲ್ಲಿ ಬಿಡುತ್ತದೆ? ನೀರಿನಲ್ಲೂ ಬಿಡುತ್ತದೆ, ಮರದ ಕೆಳಗೂ ಬಿಡುತ್ತದೆ. ಹೊಲಕ್ಕೆ ಗೊಬ್ಬರ ಹಾಕಿದರೆ ಪೈರು ಬರುವ ಹಾಗೆ, ನೀರಿಗೆ ಹಿಕ್ಕೆ ಬಿದ್ದರೆ ಪಾಚಿ ಬೆಳೆಯುತ್ತದೆ. ಪಾಚಿಯನ್ನು ಸಣ್ಣ ಹುಳು ತಿನ್ನುತ್ತದೆ. ಹುಳುವನ್ನು ಮೀನುಮರಿ ತಿನ್ನುತ್ತದೆ. ತೆಗೆದುಕೊಂಡದ್ದರಲ್ಲಿ ಒಂದು ಪಾಲನ್ನು ಹಕ್ಕಿ ಹೀಗೆ ಹಿಂದಕ್ಕೆ ಕೊಡುತ್ತದೆ.

ಮೀನಿನ ಲೆಕ್ಕ

ಈಗ ಮೀನಿನ ಕಡೆಯಿಂದ ನೋಡೋಣ. ಬಲಿತ ಒಂದು ಹೆಣ್ಣು ರೋಹು ಮೀನು ಒಂದು ಸಲಕ್ಕೆ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮುಂಗಾರಿನ ಹೊಸನೀರು ಬಂದಾಗ ಇಡುತ್ತದೆ. ಲಕ್ಷ ಮೊಟ್ಟೆಯಲ್ಲಿ ಬಹುಪಾಲು ಸಾಯುತ್ತವೆ. ಕಪ್ಪೆ, ಹಾವು, ದೊಡ್ಡ ಮೀನು, ಹಕ್ಕಿ ಎಲ್ಲವೂ ತಿನ್ನುತ್ತವೆ. ಕೆಲವೇ ಮರಿಗಳು ದೊಡ್ಡದಾದರೂ ಸಾಕು, ಹೊಳೆ ತುಂಬುತ್ತದೆ. ಹೊಳೆಯ ಲೆಕ್ಕವೇ ಹಾಗೆ. ಹಕ್ಕಿಗೆ, ನೀರುನಾಯಿಗೆ, ಮೊಸಳೆಗೆ, ಮನುಷ್ಯನಿಗೆ ಎಲ್ಲರಿಗೂ ಪಾಲು ಇಟ್ಟೇ ಮೀನು ಮೊಟ್ಟೆ ಇಡುತ್ತದೆ.

ಆದರೆ ಮೊಟ್ಟೆ ತುಂಬಿದ ತಾಯಿಮೀನನ್ನೇ ಹಿಡಿದರೆ? ಒಂದು ಮೀನು ಹೋಗಲಿಲ್ಲ. ಲಕ್ಷ ಮೀನು ಹೋಯಿತು. ಹೆಜ್ಜಾರ್ಲೆಯ ಚೀಲಕ್ಕೆ ಅಂತಹ ದೊಡ್ಡ ಮೀನು ಹಿಡಿಸುವುದಿಲ್ಲ. ಅದನ್ನು ಹಿಡಿಯುವವರು ಯಾರು? ನೀವೇ ಹೇಳಿ.

ಹಾಗಾದರೆ ಮೀನು ಎಲ್ಲಿ ಹೋಯಿತು?

ನಮ್ಮ ಕಾವೇರಿಯ ದೊಡ್ಡಸ್ತಿಕೆ ಎಂದರೆ ಬಿಳಿಮೀನು. ಹೊರಗಿನವರು ಅದನ್ನು ಮಹಸೀರ್ ಎನ್ನುತ್ತಾರೆ. ಬೆನ್ನು ಉಬ್ಬಿದ ಈ ಬಿಳಿಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 50 ಕೆ.ಜಿ. ದಾಟಿದ ಮೀನೊಂದನ್ನು 1946ರಲ್ಲಿ ಮೈಸೂರು ಸೀಮೆಯಲ್ಲಿ ಗಾಳ ಹಾಕಿ ಹಿಡಿದ ದಾಖಲೆ ಇದೆ. ಒಂದು ರಾಗಿ ಮೂಟೆಯ ತೂಕ! ಈಗ ಅದೇ ಮೀನು ಪೂರ್ತಿ ಅಳಿಯುವ ಅಂಚಿನಲ್ಲಿದೆ ಎಂದು 2018ರಲ್ಲಿ ತಜ್ಞರು ಸಾರಿದರು. ಈ ಮೀನು ಇರುವುದು ಆಳದ ಮಡುಗಳಲ್ಲಿ, ಬಂಡೆಗಳ ಸಂದಿನ ಸೆಳೆತದಲ್ಲಿ. ಮುಳುಗಲಾರದ ಹೆಜ್ಜಾರ್ಲೆ ಇದನ್ನು ಮುಗಿಸಿತು ಎಂದರೆ ಯಾರೂ ನಂಬುವುದಿಲ್ಲ. ಹಾಗಾದರೆ ಮುಗಿಸಿದ್ದು ಏನು? ಒಂದೊಂದಾಗಿ ನೋಡೋಣ.

ಮೊದಲನೆಯದು ಸಿಡಿಮದ್ದು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಮೀನೆಲ್ಲ ಅಲ್ಲಿ ಸೇರಿರುತ್ತದೆ. ಆಗ ಸಿಡಿಮದ್ದು ಎಸೆದರೆ ದೊಡ್ಡದು, ಚಿಕ್ಕದು, ಮರಿ, ಮೊಟ್ಟೆ ಎಲ್ಲವೂ ಸತ್ತವು. ತೇಲಿದ್ದನ್ನು ಆರಿಸಿಕೊಳ್ಳುತ್ತಾರೆ. ಮುಳುಗಿದ್ದು ಕೊಳೆಯುತ್ತದೆ. ಒಂದು ದಿನ ಚೀಲ ತುಂಬುತ್ತದೆ, ವರ್ಷವೆಲ್ಲ ಬಲೆ ಬರಿದಾಗುತ್ತದೆ. ಎಸೆಯುವುದು ತಡವಾಗಿ ಕೈಯಲ್ಲೇ ಸಿಡಿದರೆ ಕೈ ಹೋಗುತ್ತದೆ, ಕಣ್ಣು ಹೋಗುತ್ತದೆ. ಬಲೆ ಬೀಸುವವನಿಗೆ ಕೈಯೇ ಹೋದರೆ ಮನೆಯ ಗತಿ ಏನು? ಹೀಗೆ ಮೀನು ಹಿಡಿಯುವುದು ಇಂದು ನಿನ್ನೆಯ ತಪ್ಪಲ್ಲ. ಸಿಡಿಮದ್ದು, ವಿಷ ಎರಡನ್ನೂ 1897ರ ಕಾಯಿದೆಯಲ್ಲೇ ನಿಷೇಧಿಸಿದ್ದರು.

ಎರಡನೆಯದು ವಿಷ. ಬ್ಲೀಚಿಂಗ್ ಪುಡಿ, ಬೆಳೆಗೆ ಹೊಡೆಯುವ ಔಷಧಿ ಇವನ್ನು ಮಡುವಿಗೆ ಸುರಿಯುವವರಿದ್ದಾರೆ. ಆ ಮೀನನ್ನು ತಿಂದವರ ಹೊಟ್ಟೆಗೂ ಅದೇ ವಿಷ. ಆ ನೀರು ಕುಡಿದ ದನಕರುವಿಗೂ ಅದೇ ವಿಷ.

ಮೂರನೆಯದು ಸಣ್ಣ ಕಣ್ಣಿನ ಬಲೆ. ಸೊಳ್ಳೆಪರದೆಯಂತಹ ಬಲೆ ಹಾಕಿದರೆ ಬೆರಳುದ್ದದ ಮರಿಯೂ ಉಳಿಯುವುದಿಲ್ಲ. ಭತ್ತದ ಸಸಿಮಡಿಯನ್ನೇ ಕಿತ್ತು ದನಕ್ಕೆ ಹಾಕಿದರೆ ನಾಟಿಗೆ ಏನು ಉಳಿಯುತ್ತದೆ?

ನಾಲ್ಕನೆಯದು ಮರಳು. ಶಿಂಷೆಯ ಒಡಲಿನ ಮರಳು ಲಾರಿಗಟ್ಟಲೆ ಹೋಯಿತು. ಕೆಲವು ಮೀನು ಮೊಟ್ಟೆ ಇಡುವುದೇ ಮರಳು, ಗರಸಿನ ಮೇಲೆ. ಮರಳು ಹೋದರೆ ಬಾಣಂತಿಯ ಕೋಣೆಯೇ ಹೋದಂತೆ. ಮರಳು ನೀರನ್ನು ಹಿಡಿದಿಡುತ್ತದೆ. ಅದು ಹೋದ ಮೇಲೆ ಹೊಳೆ ಬೇಗ ಒಣಗುತ್ತದೆ, ದಡದ ಬಾವಿಯೂ ಒಣಗುತ್ತದೆ.

ಐದನೆಯದು ಕೊಳೆನೀರು. ಪಟ್ಟಣದ ಚರಂಡಿ ಹೊಳೆಗೆ ಬೀಳುತ್ತದೆ. ಹೊಲದ ರಾಸಾಯನಿಕ ಗೊಬ್ಬರ ಮಳೆಯಲ್ಲಿ ತೊಳೆದು ಬರುತ್ತದೆ. ಕೊಳೆ ಹೆಚ್ಚಿದರೆ ನೀರಿನಲ್ಲಿರುವ ಗಾಳಿ ಕಡಿಮೆಯಾಗುತ್ತದೆ. ಮೀನು ಉಸಿರು ಕಟ್ಟಿ ಸಾಯುತ್ತದೆ.

ಆರನೆಯದು ಕಟ್ಟೆಗಳು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮ ನಾಡಿಗೆ ಹೆಮ್ಮೆಯ ಕೆಲಸ. ಕನ್ನಂಬಾಡಿ ಕಟ್ಟೆ ನಮಗೆ ಅನ್ನ ಕೊಟ್ಟಿತು. ಅದನ್ನು ಬೇಡ ಎನ್ನಲು ಸಾಧ್ಯವೇ? ಆದರೆ ಮೀನಿನ ಕಡೆಯಿಂದ ನೋಡಿದರೆ ದಾರಿ ಮುಚ್ಚಿತು. ಹೊಸನೀರಿಗೆ ಎದುರು ಹತ್ತಿ ಮೊಟ್ಟೆ ಇಡುವ ಮೀನು ಗೋಡೆಗೆ ಬಡಿದು ನಿಂತಿತು. ಬೇಸಿಗೆಯಲ್ಲಿ ಹೊಳೆಗೆ ಎಷ್ಟು ನೀರು ಎನ್ನುವುದು ಮೇಲಿನ ತೂಬಿನ ಕೈಯಲ್ಲಿದೆ.

ಏಳನೆಯದು ಹೊರಗಿನ ಮೀನು. ಜಿಲೇಬಿಯ ಮಾತು ಹೇಳಿದೆವು. ಆಫ್ರಿಕಾದ ಕ್ಯಾಟ್‌ಫಿಶ್ ಇನ್ನೂ ಕೆಟ್ಟದ್ದು. ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಅದನ್ನು ಸಾಕಬಾರದು ಎಂದು ಸರ್ಕಾರದ ನಿಷೇಧವಿದೆ. ಆದರೂ ಕದ್ದು ಸಾಕುತ್ತಾರೆ. ಹೊಂಡ ಉಕ್ಕಿದಾಗ ಅದು ಹೊಳೆ ಸೇರುತ್ತದೆ. ನಮ್ಮ ಬಿಳಿಮೀನಿಗೂ ಹೀಗೇ ಪೆಟ್ಟು ಬಿತ್ತು. ಒಳ್ಳೆಯದಾಗಲಿ ಎಂದೇ ಬೇರೆ ಕಡೆಯ ಮಹಸೀರ್ ಮರಿಗಳನ್ನು ತಂದು ಕಾವೇರಿಗೆ ಬಿಟ್ಟರು. ಬಂದದ್ದು ಬಲಿಯಿತು, ಇದ್ದದ್ದು ಸೊರಗಿತು.

ಈಗ ಹೇಳಿ. ಏಳು ಕಾರಣ ಎಣಿಸಿದೆವು. ಅದರಲ್ಲಿ ಹಕ್ಕಿ ಎಲ್ಲಿದೆ? ಮೀನು ತುಂಬಿದ್ದ ಕಾಲದಲ್ಲಿ ಹಕ್ಕಿಯ ಪಾಲು ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲಿ ಕಣಜ ತುಂಬಿದ್ದಾಗ ಇಲಿ ತಿಂದದ್ದು ಲೆಕ್ಕಕ್ಕೆ ಬರುವುದಿಲ್ಲ. ಕಣಜ ಬರಿದಾದಾಗ ಒಂದೊಂದು ಕಾಳೂ ಲೆಕ್ಕಕ್ಕೆ ಬರುತ್ತದೆ.

ಕೊಕ್ಕರೆ ಬೆಳ್ಳೂರಿನ ಮಾತು

ನಮ್ಮದೇ ಮಂಡ್ಯ ಜಿಲ್ಲೆಯ, ಮದ್ದೂರು ತಾಲೂಕಿನ ಊರು ಇದು. ಶಿಂಷೆಯ ಹತ್ತಿರ ಇದೆ. ಪ್ರತಿ ವರ್ಷ ಚಳಿಗಾಲದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಅಲ್ಲಿಗೆ ಬರುತ್ತವೆ. ಕಾಡಿಗಲ್ಲ, ಊರೊಳಗೇ ಬರುತ್ತವೆ. ಮನೆಯ ಮುಂದಿನ ಹುಣಸೆಮರ, ಅರಳಿಮರದಲ್ಲಿ ಗೂಡು ಕಟ್ಟುತ್ತವೆ. ಮರಿ ಮಾಡಿ ಮಳೆಗಾಲದ ಹೊತ್ತಿಗೆ ಹೊರಡುತ್ತವೆ.

ಹಿಂದೆ ಆ ಊರು ಶಿಂಷೆಯ ದಡದಲ್ಲೇ ಇತ್ತಂತೆ. ಪ್ಲೇಗು ಬಂದಾಗ ಜನ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರಂತೆ. ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಅಲ್ಲಿಯ ಜನ ಹಕ್ಕಿಯನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಗಳು ಎನ್ನುತ್ತಾರೆ. ತವರಿಗೆ ಬಂದ ಮಗಳನ್ನು ಯಾರಾದರೂ ಓಡಿಸುತ್ತಾರೆಯೇ? 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಕಂಡು ಹೊರಗಿನ ಪ್ರಪಂಚಕ್ಕೆ ತಿಳಿಸಿದರು.

ಅಲ್ಲಿಯ ಜನಕ್ಕೂ ನಷ್ಟವಿದೆ. ಗೂಡಿರುವ ಹುಣಸೆಮರದ ಕಾಯಿ ಕೀಳಲು ಆಗುವುದಿಲ್ಲ. ಹಿಕ್ಕೆ ಬಿದ್ದು ಬೆಳೆ ಕಡಿಮೆಯಾಗುತ್ತದೆ. ವಾಸನೆಯಂತೂ ಕೇಳಬೇಡಿ. ಹುಣಸೆ ಮಾರಿ ಮಗಳ ಮದುವೆ ಮಾಡಬೇಕಾದ ಬಡವನಿಗೆ ಮರ ಕಡಿಯುವ ಮನಸ್ಸು ಬಂದರೆ ತಪ್ಪೇ? ಅದಕ್ಕೇ ಅರಣ್ಯ ಇಲಾಖೆ ಗೂಡಿರುವ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಹಣ ಸಾಲದು ಎಂಬ ಮಾತೂ ಇದೆ. ಆದರೆ ಒಂದು ನ್ಯಾಯ ಅಲ್ಲಿ ಇದೆ. ಹಕ್ಕಿ ಇಡೀ ನಾಡಿನದಾದರೆ ನಷ್ಟವನ್ನೂ ಇಡೀ ನಾಡು ಹೊರಬೇಕು. ಒಬ್ಬ ಬಡವನ ತಲೆಯ ಮೇಲೆ ಹಾಕಬಾರದು.

ಜನ ಲಾಭವನ್ನೂ ಕಂಡುಕೊಂಡರು. ಮರದ ಕೆಳಗೆ ಗುಂಡಿ ತೋಡಿ, ಕೆರೆಯ ಗೋಡು ಹಾಕಿ, ಅದರ ಮೇಲೆ ಹಿಕ್ಕೆ ಬೀಳಲು ಬಿಟ್ಟರು. ಅದು ಒಳ್ಳೆಯ ಗೊಬ್ಬರವಾಯಿತು. 1990ರ ದಶಕದಲ್ಲಿ ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ದೊಡ್ಡದು ಮಾಡಿ ಬಿಟ್ಟರು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಎಂದರೆ ಊರಿನ ಜನರೇ ಸೇರಿ ಕಾಪಾಡುವ ಜಾಗ.

ಹಕ್ಕಿಗಳು ಸತ್ತ ವರ್ಷ

2017ರ ಕೊನೆಯಲ್ಲಿ ಅಲ್ಲಿ ಕೆಟ್ಟ ಸುದ್ದಿ ಕೇಳಿಬಂತು. ಹೆಜ್ಜಾರ್ಲೆಗಳು ಮರದಿಂದ ತೊಪತೊಪನೆ ಬಿದ್ದು ಸಾಯತೊಡಗಿದವು. 2018ರ ಮೊದಲ ತಿಂಗಳುಗಳಲ್ಲೂ ಸಾವು ನಿಲ್ಲಲಿಲ್ಲ. ಹತ್ತಾರು ಹಕ್ಕಿಗಳು ಹೋದವು. ಮೊದಲು ಕೋಳಿಜ್ವರ ಎಂದು ಜನ ಹೆದರಿದರು. ಪಶುವೈದ್ಯರು ಕೊಯ್ದು ನೋಡಿದಾಗ ಹಕ್ಕಿಯ ಹೊಟ್ಟೆಯಲ್ಲಿ ದುಂಡುಹುಳುಗಳ ಗಂಟು ಸಿಕ್ಕಿತು. ಈ ಹುಳುವಿನ ಮರಿ ಮೀನಿನ ಮೈಯಲ್ಲಿರುತ್ತದೆ. ಮೀನು ತಿಂದ ಹಕ್ಕಿಯ ಹೊಟ್ಟೆ ಸೇರಿ ಬೆಳೆಯುತ್ತದೆ.

ಇದರಿಂದ ನಾವು ತಿಳಿಯುವುದೇನು? ಹಕ್ಕಿ ತಿನ್ನುವುದೂ ನಾವು ತಿನ್ನುವುದೂ ಅದೇ ಹೊಳೆಯ, ಅದೇ ಕೆರೆಯ ಮೀನು. ನೀರು ಕೆಟ್ಟರೆ, ಮೀನಿಗೆ ರೋಗ ಬಂದರೆ ಮೊದಲು ಹಕ್ಕಿಗೆ ಗೊತ್ತಾಗುತ್ತದೆ. ಆಮೇಲೆ ನಮ್ಮ ಸರದಿ. ಹಕ್ಕಿ ನಮ್ಮ ಹೊಳೆಯ ನಾಡಿ ನೋಡುವ ವೈದ್ಯನಿದ್ದ ಹಾಗೆ.

ಬೇರೆ ದೇಶದಲ್ಲೂ ಇದೇ ಜಗಳ

ಈ ಜಗಳ ನಮ್ಮೊಬ್ಬರದ್ದಲ್ಲ. ಅಮೆರಿಕದ ಐಡಾಹೋ ಎಂಬ ರಾಜ್ಯದಲ್ಲಿ ಬ್ಲ್ಯಾಕ್‌ಫುಟ್ ಎಂಬ ಹೊಳೆ ಇದೆ. ಅಲ್ಲಿ ಬಿಳಿ ಹೆಜ್ಜಾರ್ಲೆಗಳು ಹೆಚ್ಚಿದವು. ಅಲ್ಲಿಯ ನಾಟಿ ಟ್ರೌಟ್ ಮೀನು ಮೊಟ್ಟೆ ಇಡಲು ಕೆರೆಯಿಂದ ಹೊಳೆಗೆ ಹತ್ತುತ್ತದೆ. ಆ ಹೊತ್ತಿಗೆ ಹಕ್ಕಿಗಳು ಅಲ್ಲಿ ಕಾದು ಹಿಡಿಯುತ್ತವೆ. ನೀರು ಕಡಿಮೆ ಇದ್ದ ವರ್ಷ ಪೆಟ್ಟು ಹೆಚ್ಚು. ಅಲ್ಲಿ ಹಕ್ಕಿಯಿಂದ ಮೀನಿಗೆ ನಿಜವಾಗಿಯೂ ತೊಂದರೆಯಾಯಿತು. ಅಲ್ಲಿಯ ಸರ್ಕಾರ 2009ರಲ್ಲಿ ಒಂದು ಯೋಜನೆ ಮಾಡಿತು. ಮೊದಲು ಹಕ್ಕಿ ಎಷ್ಟಿವೆ ಎಂದು ಎಣಿಸಿದರು, ಮೀನು ಎಷ್ಟಿದೆ ಎಂದು ನೋಡಿದರು. ಲೆಕ್ಕ ಇಟ್ಟುಕೊಂಡು ಹೆಜ್ಜೆ ಹಾಕಿದರು.

ಚೀನಾದಲ್ಲಿ 1958ರಲ್ಲಿ ಬೇರೆ ರೀತಿ ಮಾಡಿದರು. ಗುಬ್ಬಿ ಕಾಳು ತಿನ್ನುತ್ತದೆ ಎಂದು ಊರೂರೇ ಸೇರಿ ಗುಬ್ಬಿಗಳನ್ನು ಕೊಂದರು. ಗುಬ್ಬಿ ಹೋದ ಮೇಲೆ ಹುಳು ಹೆಚ್ಚಿತು. ಹುಳು ಬೆಳೆಯನ್ನು ತಿಂದಿತು. ಕೊನೆಗೆ ಗುಬ್ಬಿ ಕೊಲ್ಲುವುದನ್ನು ನಿಲ್ಲಿಸಿದರು. ಒಬ್ಬರು ಲೆಕ್ಕ ಇಟ್ಟು ನಡೆದರು. ಇನ್ನೊಬ್ಬರು ಲೆಕ್ಕ ಇಲ್ಲದೆ ನಡೆದು ಕೆಟ್ಟರು. ಎರಡೂ ನಮಗೆ ಪಾಠ.

ಹೊಳೆಯ ಮಾತು ಬೇರೆ, ಕೆರೆಯ ಮಾತು ಬೇರೆ

ಇಷ್ಟು ಹೇಳಿ ನಾವು ಎದ್ದುಹೋದರೆ ಅಣ್ಣನ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಅವರು ಹೊಳೆಯಲ್ಲಿ ಬಲೆ ಬೀಸುವುದಲ್ಲದೆ, ನಾಲ್ಕು ಜನ ಸೇರಿ ಕೆರೆಯೊಂದನ್ನು ಗುತ್ತಿಗೆ ಹಿಡಿದಿದ್ದಾರೆ. ಸಾಲ ಮಾಡಿ ಮೀನುಮರಿ ತಂದು ಬಿಟ್ಟಿದ್ದಾರೆ. ಚಿಕ್ಕ ಕೆರೆಗೆ ಐವತ್ತು ಹೆಜ್ಜಾರ್ಲೆ ಇಳಿದರೆ ವಾರದಲ್ಲಿ ಅವರ ಸಾಲ ಹಾಗೇ ಉಳಿಯುತ್ತದೆ, ಮೀನು ಉಳಿಯುವುದಿಲ್ಲ. ಹೊಳೆಯಲ್ಲಿ ಹಕ್ಕಿಯದು ಹಕ್ಕಿನ ಪಾಲು. ಗುತ್ತಿಗೆ ಕೆರೆಯಲ್ಲಿ ಅದು ಒಬ್ಬ ಬಡವನ ನಷ್ಟ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಅಂತಹವರು ಏನು ಮಾಡಬಹುದು?

ಒಂದು, ಚುಕ್ಕೆಯಂತಹ ಸಣ್ಣ ಮರಿಯನ್ನು ಕೆರೆಗೆ ಬಿಡಬೇಡಿ. ಮೂಲೆಯಲ್ಲಿ ಬಲೆ ಕಟ್ಟಿ, ಅಥವಾ ಪಕ್ಕದ ಹೊಂಡದಲ್ಲಿ ಸಾಕಿ, ಬೆರಳುದ್ದಕ್ಕಿಂತ ದೊಡ್ಡದಾದ ಮೇಲೆ ಬಿಡಿ. ದೊಡ್ಡ ಮರಿ ಚುರುಕು. ಆಳಕ್ಕೆ ಓಡಿ ತಪ್ಪಿಸಿಕೊಳ್ಳುತ್ತದೆ.

ಎರಡು, ಮರಿ ಸಾಕುವ ಹೊಂಡದ ಮೇಲೆ ಅಡ್ಡಡ್ಡ ಹಗ್ಗ ಕಟ್ಟಿ. ಹೆಜ್ಜಾರ್ಲೆ ಭಾರದ ಹಕ್ಕಿ. ನೀರಿಗೆ ಇಳಿಯಲು, ನೀರಿನಿಂದ ಏಳಲು ಅದಕ್ಕೆ ಉದ್ದ ಜಾಗ ಬೇಕು. ಹಗ್ಗ ಕಂಡರೆ ಇಳಿಯಲು ಹಿಂದೆಮುಂದೆ ನೋಡುತ್ತದೆ. ತೆಳುವಾದ ನೈಲಾನ್ ದಾರ ಕಟ್ಟಬೇಡಿ. ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಅದು ಪಾಪವೂ ಹೌದು, ಅಪರಾಧವೂ ಹೌದು. 1972ರ ವನ್ಯಜೀವಿ ಕಾಯಿದೆ ಈ ಹಕ್ಕಿಗೆ ರಕ್ಷಣೆ ಕೊಟ್ಟಿದೆ.

ಮೂರು, ಕೆರೆಯಲ್ಲಿ ಅಲ್ಲಲ್ಲಿ ಮುಳ್ಳುಕೊಂಬೆ ಮುಳುಗಿಸಿಡಿ. ಮರಿಗಳಿಗೆ ಅಡಗಲು ಜಾಗವಾಗುತ್ತದೆ. ಕಳ್ಳಬಲೆ ಬೀಸುವವರಿಗೂ ತಡೆಯಾಗುತ್ತದೆ.

ನಾಲ್ಕು, ನಷ್ಟವಾದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಬರೆದಿಡಿ. ಯಾವ ದಿನ, ಎಷ್ಟು ಹಕ್ಕಿ, ಎಷ್ಟು ಹೊತ್ತು. ಬಿಟ್ಟ ಮರಿ ಎಷ್ಟು, ಸಿಕ್ಕ ಮೀನು ಎಷ್ಟು. ಒಂದು ನೋಟ್‌ಬುಕ್ ಸಾಕು. ಆ ಲೆಕ್ಕ ಹಿಡಿದು ಮೀನುಗಾರರ ಸಂಘದ ಮೂಲಕ ಮೀನುಗಾರಿಕೆ ಇಲಾಖೆಗೂ ಅರಣ್ಯ ಇಲಾಖೆಗೂ ಅರ್ಜಿ ಕೊಡಿ. ಮರದ ಮಾಲೀಕರಿಗೆ ಪರಿಹಾರ ಉಂಟು. ಕೆರೆಯ ಗುತ್ತಿಗೆದಾರನಿಗೆ ಗುತ್ತಿಗೆ ಹಣದಲ್ಲಾದರೂ ರಿಯಾಯಿತಿ ಬೇಕು ಎಂದು ಕೇಳುವುದು ತಪ್ಪಲ್ಲ. ಆದರೆ ಬರಿಗೈಯಲ್ಲಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಬರೆದ ಲೆಕ್ಕಕ್ಕೆ ಬೆಲೆ ಇದೆ. ನಾವು ಅಕ್ಷರ ಕಲಿಯುತ್ತಿರುವುದು ಇದಕ್ಕೂ ಹೌದು.

ಇನ್ನು ಹೊಳೆಗೆ ನಾವೆಲ್ಲ ಸೇರಿ ಮಾಡಬೇಕಾದದ್ದು. ಮುಂಗಾರಿನಲ್ಲಿ ಮೀನು ಮೊಟ್ಟೆ ಇಡುವ ದಿನಗಳಲ್ಲಿ ಬಲೆ ಬೀಸದೆ ಬಿಡೋಣ. ಊರಿಗೆ ಒಂದು ಮಡುವನ್ನು ದೇವರ ಮಡು ಎಂದು ಬಿಡೋಣ. ನಮ್ಮ ಹಿರಿಯರು ಎಷ್ಟೋ ದೇವಸ್ಥಾನಗಳ ಮುಂದೆ ಹೀಗೆ ಮೀನು ಹಿಡಿಯದ ಮಡುಗಳನ್ನು ಬಿಟ್ಟಿದ್ದರು. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಇಂದಿಗೂ ಯಾರೂ ಹಿಡಿಯುವುದಿಲ್ಲ. ಅಂತಹ ಮಡುವೇ ಹೊಳೆಗೆ ಬಿತ್ತನೆಯ ಕಣಜ. ಸಿಡಿಮದ್ದಿನ ಸದ್ದು ಕೇಳಿದರೆ ಮುಚ್ಚಿಡುವುದು ಬೇಡ. "ನಮ್ಮೋನೇ ಕನ, ಹೋಗ್ಲಿ ಬುಡಿ" ಎನ್ನುವುದು ಬೇಡ. ಅವನು ಒಂದು ದಿನದ ಮೀನು ಕದಿಯುತ್ತಿಲ್ಲ. ನಮ್ಮ ಮಕ್ಕಳ ಮೀನು ಕದಿಯುತ್ತಿದ್ದಾನೆ.

ಕೊನೆಯ ಮಾತು

ಈ ಮಾತೆಲ್ಲ ಕೇಳಿದ ಮೇಲೆ ಅಣ್ಣ ಏನೆಂದರು ಗೊತ್ತೇ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಸರಿ ಕನ ಮೇಷ್ಟ್ರೆ. ಹಕ್ಕಿ ಕೂಡ ಜಗಳ ಆಡಾದು ಸುಲ್ಭ. ಅದು ತಿರುಗಿ ಮಾತಾಡಾಕಿಲ್ಲ. ಸಿಡಿಮದ್ದು ಹಾಕೋನ ಕೂಡ ಆಡಾದು ಕಷ್ಟ," ಎಂದರು.

ಇದಕ್ಕಿಂತ ನಿಜವಾದ ಮಾತನ್ನು ನಾವು ಇವತ್ತು ಹೇಳಿಲ್ಲ. ಮಾತಾಡಲು ಬಾರದ ಜೀವದ ಮೇಲೆ ತಪ್ಪು ಹೊರಿಸುವುದು ಸುಲಭ. ನಮ್ಮವರನ್ನು ನಿಲ್ಲಿಸಿ ಕೇಳುವುದು ಕಷ್ಟ. ಒಬ್ಬರೇ ಕೇಳಲಾಗದು. ಹತ್ತು ಜನ ಸೇರಿದರೆ ಕೇಳಬಹುದು. ಇವತ್ತು ಇಲ್ಲಿ ಹತ್ತಕ್ಕಿಂತ ಹೆಚ್ಚು ಜನ ಇದ್ದೇವೆ.

ಗಗನಚುಕ್ಕಿಯಲ್ಲಿ ನೀರು ಧುಮುಕುತ್ತದೆ. ಕೆಳಗೆ ಶಿಂಷೆ ಬಂದು ಕಾವೇರಿಯನ್ನು ಕೂಡುತ್ತದೆ. ಆ ನೀರಿನಲ್ಲಿ ಮೀನಿದ್ದರೆ ಹಕ್ಕಿಯೂ ಇರುತ್ತದೆ, ನಮ್ಮ ಬಲೆಯೂ ತುಂಬುತ್ತದೆ. ಮೀನು ಮುಗಿದ ದಿನ ಹಕ್ಕಿ ಬೇರೆ ಊರಿಗೆ ಹಾರುತ್ತದೆ. ನಮಗೆ ರೆಕ್ಕೆ ಇಲ್ಲ. ನಾವು ಇಲ್ಲೇ ಇರಬೇಕು. ಆದ್ದರಿಂದ ಹೊಳೆಯನ್ನು ಉಳಿಸಿಕೊಳ್ಳಬೇಕಾದವರು ನಾವೇ.

ಯೋಚಿಸಿ, ಮಾತಾಡಿ

1. ನಿಮ್ಮ ಊರಿನ ಹತ್ತಿರದ ಹೊಳೆಯಲ್ಲಿ ಹಿಂದೆ ಯಾವ ಯಾವ ಮೀನು ಸಿಗುತ್ತಿತ್ತು? ಹಿರಿಯರನ್ನು ಕೇಳಿ ಹೆಸರು ಬರೆಯಿರಿ.
2. ಈಗ ಸಿಗದ ಮೀನು ಯಾವುದು? ಯಾಕೆ ಸಿಗುವುದಿಲ್ಲ?
3. 60 ಹೆಜ್ಜಾರ್ಲೆಗಳು 10 ದಿನ ಒಂದು ಕೆರೆಯಲ್ಲಿ ಮೇಯ್ದರೆ ಸುಮಾರು ಎಷ್ಟು ಕೆ.ಜಿ. ಮೀನು ತಿನ್ನಬಹುದು? ಲೆಕ್ಕ ಹಾಕಿ.
4. ಮೀನುಮರಿ ನಷ್ಟವಾದ ಬಗ್ಗೆ ಮೀನುಗಾರಿಕೆ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ತಾರೀಕು ಹಾಕಲು ಮರೆಯಬೇಡಿ. ಹೆಬ್ಬೆಟ್ಟು ಬೇಡ, ಸಹಿ ಮಾಡಿ.